ಸ್ಟೇಜಿಗೊಂದು ಪ್ರಾರ್ಥನೆ

ನನ್ನ ವಾರದ ರಜೆ ಬುಧವಾರ. ಭಾನುವಾರ ನಾನು ಬಸ್ಸಿನಲ್ಲಿರುತ್ತೇನೆ.

ನಗರ ಸಾರಿಗೆಯಲ್ಲಿ ಕಂಡಕ್ಟರ್ ಆಗಿ 14 ವರ್ಷ ಆಯಿತು. ಈಗ ಇರುವುದು ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಹೋಗಿ ಬರುವ ಗಾಡಿ. ಭಾನುವಾರ ಬೆಳಗ್ಗೆ ಟೌನ್‌ಹಾಲ್ ದಾಟಿ ಕಾರ್ಪೊರೇಷನ್ ಹತ್ತಿರ ಬಂದರೆ ಹಡ್ಸನ್ ಚರ್ಚ್ ಕಾಣುತ್ತದೆ. 1904ರಲ್ಲಿ ಕಟ್ಟಿದ ಕಲ್ಲಿನ ಕಟ್ಟಡ. ನಮ್ಮ ಸಭೆ ಅದಲ್ಲ. ಆದರೂ ಊರಿನ ನಟ್ಟನಡುವೆ ಕನ್ನಡದಲ್ಲಿ ಆರಾಧನೆ ನಡೆಯುವ ಜಾಗ ಅಂತ ಅದರ ಮೇಲೆ ನನಗೆ ಮೊದಲಿಂದಲೂ ಪ್ರೀತಿ. ಸತ್ಯವೇದವನ್ನು, ಅಂದರೆ ಬೈಬಲನ್ನು, ಎದೆಗೆ ಅವುಚಿಕೊಂಡ ಹೆಂಗಸರು, ಇಸ್ತ್ರಿ ಅಂಗಿ ಹಾಕಿದ ಮಕ್ಕಳು ನನ್ನ ಬಸ್ಸಿನಿಂದಲೇ ಅಲ್ಲಿ ಇಳಿಯುತ್ತಾರೆ. ನಾನು ಬಾಗಿಲಲ್ಲಿ ನಿಂತು ‘ರೈಟ್’ ಅಂತ ಹೇಳುತ್ತೇನೆ. ಬಸ್ಸು ಮುಂದೆ ಹೋಗುತ್ತದೆ.

ಎಷ್ಟೋ ವರ್ಷ ಆ ‘ರೈಟ್’ ಹೇಳುವಾಗ ಗಂಟಲು ಕಟ್ಟುತ್ತಿತ್ತು. ಅವರು ದೇವರ ಹತ್ತಿರ ಹೋಗುತ್ತಿದ್ದಾರೆ, ನಾನು ದೂರ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ನನ್ನಂತೆಯೇ ಪಾಳಿಯಲ್ಲಿ ದುಡಿಯುವ ಎಷ್ಟೋ ವಿಶ್ವಾಸಿಗಳು ಈ ಊರಿನಲ್ಲಿದ್ದಾರೆ. ನರ್ಸುಗಳು, ಸೆಕ್ಯುರಿಟಿಯವರು, ಹೋಟೆಲಿನಲ್ಲಿ ಕೆಲಸ ಮಾಡುವವರು. ಅವರಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಗುಬ್ಬಿ ಹತ್ತಿರದ ಹಳ್ಳಿ. ತಾತನ ಕಾಲದಿಂದ ಕ್ರೈಸ್ತರು. ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಅಮ್ಮ ಚಾಪೆ ಹಾಸುತ್ತಿದ್ದಳು, ಅಪ್ಪ ಓದುತ್ತಿದ್ದರು, ನಾನೂ ಅಕ್ಕನೂ ಅರ್ಧ ನಿದ್ದೆಯಲ್ಲಿ ‘ಆಮೆನ್’ ಅನ್ನುತ್ತಿದ್ದೆವು. ಭಾನುವಾರ ಇಡೀ ಬೀದಿ ಚರ್ಚಿನಲ್ಲಿ. ಹಾಗಾಗಿ ದೇವರಿಗೆ ಹತ್ತಿರ ಆಗುವುದು ಅಂದರೆ ಚರ್ಚಿಗೆ ಹತ್ತಿರ ಇರುವುದು ಅಂತಲೇ ನನ್ನ ತಲೆಯಲ್ಲಿ ಕೂತಿತ್ತು. ಮದುವೆಯಾಗಿ ಬೆಂಗಳೂರಿಗೆ ಬಂದೆ, ಕೆಲಸ ಸಿಕ್ಕಿತು, ಭಾನುವಾರ ಕೈ ತಪ್ಪಿತು. ‘ಡ್ಯೂಟಿ ಇದೆ, ಏನ್ ಮಾಡೋದು’ ಅಂತ ನನಗೆ ನಾನೇ ಹೇಳಿಕೊಂಡು ವರ್ಷಗಳು ಕಳೆದವು. ಆ ಮಾತು ನಿಜವೇ. ಆದರೆ ಅದರ ಹಿಂದೆ ನಾನು ಬಚ್ಚಿಟ್ಟುಕೊಂಡಿದ್ದೆ ಅನ್ನುವುದೂ ನಿಜ.

ಅದು ಹೊರಗೆ ಬಂದದ್ದು 2024ರ ಫೆಬ್ರವರಿಯಲ್ಲಿ, ಒಬ್ಬ ಅಜ್ಜಿಯಿಂದ.

ಸೌತ್ ಎಂಡ್ ಸರ್ಕಲ್‌ನಲ್ಲಿ ಹತ್ತಿದರು. ಬಸ್ಸು ತುಂಬಿತ್ತು. ಹೆಂಗಸರಿಗೆ ಉಚಿತ ಪ್ರಯಾಣ ಶುರುವಾಗಿ ಆಗ ಎಂಟು ತಿಂಗಳು. ಶೂನ್ಯ ಟಿಕೆಟ್ ಕೊಡುವ ಮುಂಚೆ ಗುರುತಿನ ಚೀಟಿ ನೋಡಬೇಕು. ‘ಕಾರ್ಡ್ ತೋರಿಸಿ ಅಜ್ಜಿ’ ಅಂದೆ. ಅಜ್ಜಿ ಬಟ್ಟೆ ಚೀಲಕ್ಕೆ ಕೈ ಹಾಕಿದರು. ಮೊದಲು ಎಲೆ ಅಡಿಕೆ ಸಂಚಿ ಬಂತು. ಆಮೇಲೆ ಮಾತ್ರೆ ಚೀಟಿ, ಕನ್ನಡಕದ ಡಬ್ಬಿ, ಒಂದು ಬಾಳೆಹಣ್ಣು. ಹಿಂದೆ ಹತ್ತಾರು ಜನ ಕಾಯುತ್ತಿದ್ದರು. ಬೆಳಗ್ಗೆಯಿಂದ ನಿಂತು ನಿಂತು ನನ್ನ ಕಾಲು ಬಾತಿತ್ತು. ‘ಏನಜ್ಜಿ, ಹತ್ತೋಕೆ ಮುಂಚೆ ಕೈಯಲ್ಲಿ ಇಟ್ಕೊಳ್ಳೋಕೆ ಆಗಲ್ವಾ? ಎಲ್ಲಾ ನಾನೇ ಹೇಳಬೇಕಾ?’ ಅಂತ ಕೂಗಿದೆ. ಜೋರಾಗಿಯೇ ಕೂಗಿದೆ. ಬಸ್ಸು ಪೂರ್ತಿ ತಿರುಗಿ ನೋಡಿತು.

ಅಜ್ಜಿ ಹುಡುಕುವುದನ್ನು ನಿಲ್ಲಿಸಿದರು. ‘ಬಿಡವ್ವ, ದುಡ್ಡೇ ಕೊಡ್ತೀನಿ’ ಅಂತ ಸೆರಗಿನ ತುದಿಯ ಗಂಟು ಬಿಚ್ಚತೊಡಗಿದರು. ಬೆರಳು ನಡುಗುತ್ತಿತ್ತು, ಗಂಟು ಬಿಗಿಯಾಗಿತ್ತು, ಹಲ್ಲಲ್ಲಿ ಕಚ್ಚಿ ಎಳೆದು ಬಿಚ್ಚಿದರು. ಎರಡು ಐದು ರೂಪಾಯಿ ನಾಣ್ಯ. ಮೈಗೆ ತಾಗಿಕೊಂಡಿದ್ದರಿಂದ ಬೆಚ್ಚಗಿದ್ದವು. ನಾನು ಅದನ್ನು ತೆಗೆದುಕೊಂಡು ಟಿಕೆಟ್ ಕೊಟ್ಟೆ. ‘ಬೇಡ ಅಜ್ಜಿ, ನಿಧಾನ ಹುಡುಕಿ’ ಅನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.

ಆ ರಾತ್ರಿ ಮನೆಯಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವಾಗ ‘ನಮ್ಮ ಅನುದಿನದ ಆಹಾರವನ್ನು’ ಅನ್ನುವಲ್ಲಿ ನಿಂತುಹೋದೆ. ಅಂಗೈಯಲ್ಲಿ ಆ ನಾಣ್ಯಗಳ ಬಿಸಿ ಹಾಗೇ ಇದ್ದಂತಿತ್ತು. ನಾನು ದೇವರಿಂದ ದೂರ ಆಗಿರುವುದು ಭಾನುವಾರ ಚರ್ಚ್ ತಪ್ಪಿದ್ದರಿಂದ ಅಲ್ಲ, ಇದರಿಂದ ಅಂತ ಅವತ್ತು ಮೊದಲ ಸಲ ಗೊತ್ತಾಯಿತು. ಗಂಡ ‘ಯಾಕೆ ನಿಲ್ಲಿಸಿದೆ?’ ಅಂತ ಕೇಳಿದರು. ಮಗಳೇ ಪ್ರಾರ್ಥನೆ ಮುಗಿಸಿದಳು.

ಈಸ್ಟರ್‌ಗೆ ಮುಂಚಿನ ಲೆಂಟ್ ಅನ್ನುವ ಉಪವಾಸದ ಕಾಲ ಶುರುವಾಗುವುದು ಬೂದಿ ಬುಧವಾರದಿಂದ. ಆ ವರ್ಷ ಅದು ಫೆಬ್ರವರಿ 14ಕ್ಕೆ ಬಂದಿತ್ತು. ಬುಧವಾರ, ಅಂದರೆ ನನ್ನ ರಜೆ. ಚರ್ಚಿಗೆ ಹೋದೆ. ಹಿಂದಿನ ಸಾಲಿನಲ್ಲಿ ಕೂತು ಬಹಳ ಹೊತ್ತು ಅತ್ತೆ. ಆಮೇಲೆ ಒಂದು ತೀರ್ಮಾನ ಮಾಡಿಕೊಂಡೆ. ಲೆಂಟ್‌ನಲ್ಲಿ ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಕಾಫಿ ಬಿಡುತ್ತಾರೆ. ನಾನು ಬಿಡುವುದರ ಬದಲು ಹಿಡಿದುಕೊಳ್ಳುತ್ತೇನೆ ಅಂದುಕೊಂಡೆ. ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ದಿನಕ್ಕೊಂದು ಕೀರ್ತನೆ. ಒಟ್ಟು 150 ಇವೆ, ಲೆಂಟ್ ಮುಗಿದ ಮೇಲೂ ಬಿಡಬಾರದು.

ಮೊದಲು ಮಾಡಿದ್ದು ದೊಡ್ಡ ತಪ್ಪು. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬಂಟಿಯಾಗಿ ಪ್ರಾರ್ಥನೆ ಮಾಡಿದ್ದು ಮಾರ್ಕನ ಸುವಾರ್ತೆಯಲ್ಲಿದೆ. ಹಾಗೇ ಮಾಡೋಣ ಅಂತ ಹೊರಟೆ. ಮೊದಲ ಪಾಳಿ ಇದ್ದ ದಿನ ನಾಲ್ಕೂವರೆಗೆ ಮನೆ ಬಿಡಬೇಕು. ಅದಕ್ಕೆ ಮೂರು ಗಂಟೆಗೆ ಅಲಾರಂ ಇಟ್ಟೆ. ಎರಡು ವಾರ ನಡೆಸಿದೆ. ಅಡುಗೆಮನೆಯಲ್ಲಿ ಮೊಣಕಾಲೂರಿ ಕೂತವಳು ಸ್ಟೂಲಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದೆ. ಎಚ್ಚರವಾದಾಗ ಹಾಲು ಕಾಯಿಸುವುದೂ ಲೇಟು, ಡಬ್ಬಿ ಕಟ್ಟುವುದೂ ಲೇಟು. ಆ ಸಿಟ್ಟು ಮಗಳ ಮೇಲೆ, ಗಂಡನ ಮೇಲೆ, ಆಮೇಲೆ ಬಸ್ಸಿನವರ ಮೇಲೆ. ಪ್ರಾರ್ಥನೆ ಜಾಸ್ತಿ ಆದಷ್ಟೂ ನನ್ನ ನಾಲಿಗೆ ಜಾಸ್ತಿ ಹರಿತ ಆಯಿತು. ಇದೇನು ಹೀಗೆ ಅಂತ ಭಯ ಆಯಿತು.

ಒಂದು ಬುಧವಾರ ಸಂಜೆ ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಮನೆಗೆ ಹೋದೆ. ಎಲ್ಲ ಹೇಳಿದೆ, ಅಜ್ಜಿಯ ವಿಷಯವನ್ನೂ ಬಿಡಲಿಲ್ಲ. ಅಯ್ಯನವರು ಉಪದೇಶ ಏನೂ ಕೊಡಲಿಲ್ಲ. ‘ಎಲೀಯ ಪ್ರವಾದಿ ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಮಲಗಿದಾಗ ದೇವರು ಮೊದಲು ಏನ್ ಮಾಡಿದ ಹೇಳಮ್ಮ’ ಅಂದರು. ನಾನು ಯೋಚಿಸಿದೆ. ‘ರೊಟ್ಟಿ ಕೊಟ್ಟ, ನೀರು ಕೊಟ್ಟ.’ ‘ಆಮೇಲೆ?’ ‘ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಊಟ ಕೊಟ್ಟ.’ ‘ಬೆಟ್ಟದ ಮೇಲೆ ಮಾತಾಡಿದ್ದು ಆಮೇಲೆ ತಾನೇ? ನೀನು ಮೊದಲು ನಿದ್ದೆ ಮಾಡು. ನಿನ್ನ ನಿದ್ದೆ ಕಿತ್ಕೊಂಡು ದೇವರಿಗೆ ಏನೂ ಆಗಬೇಕಾಗಿಲ್ಲ’ ಅಂದರು.

ಅಯ್ಯನವರ ಹೆಂಡತಿ, ನಾವು ಅಮ್ಮನವರು ಅನ್ನುವುದು, ಕಾಫಿ ತಂದುಕೊಟ್ಟು ಪಕ್ಕದಲ್ಲೇ ಕೂತರು. ‘ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥನೆ ಮಾಡಿ ಅಂತ ಯೇಸುಸ್ವಾಮಿ ಹೇಳಿದ್ದಾರೆ. ನಮ್ಮನೇಲಿ ಅಂಥ ಕೋಣೆಯೇ ಇಲ್ಲ’ ಅಂದೆ ಅವರ ಹತ್ತಿರ. ಆಗ ಅವರು ಸುಸಾನಾ ವೆಸ್ಲಿಯ ವಿಷಯ ಹೇಳಿದರು. ಮೆಥೊಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯ ತಾಯಿ. ಹತ್ತೊಂಬತ್ತು ಹೆರಿಗೆ, ಮನೆ ತುಂಬ ಮಕ್ಕಳು, ಬಡತನ. ಕೂರುವುದಕ್ಕೆ ಜಾಗ ಎಲ್ಲಿ? ಕುರ್ಚಿಯ ಮೇಲೆ ಕೂತು, ತನ್ನ ಮುಂಭಾಗಕ್ಕೆ ಕಟ್ಟಿಕೊಂಡಿದ್ದ ಅಡುಗೆ ಬಟ್ಟೆಯನ್ನೇ ತಲೆ ಮೇಲೆ ಎಳೆದುಕೊಳ್ಳುತ್ತಿದ್ದಳಂತೆ. ಅಮ್ಮ ದೇವರ ಹತ್ತಿರ ಮಾತಾಡ್ತಿದ್ದಾಳೆ ಅಂತ ಮಕ್ಕಳು ಸುಮ್ಮನಾಗುತ್ತಿದ್ದರಂತೆ. ನಮ್ಮ ತುಮಕೂರು, ಗುಬ್ಬಿ ಕಡೆಗೆ ಬಂದ ಮಿಷನರಿಗಳು ಅದೇ ವೆಸ್ಲಿಯ ದಾರಿಯವರು. ನಮ್ಮ ಹಳ್ಳಿಯ ಚರ್ಚಿಗೂ ಆ ಬಟ್ಟೆಗೂ ಇಷ್ಟು ಹತ್ತಿರದ ನಂಟು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ‘ನಿನ್ನ ಕೋಣೆ ಎಲ್ಲಿ ಅಂತ ನೋಡ್ಕೋ’ ಅಂದರು ಅಮ್ಮನವರು.

ನನ್ನ ಕೋಣೆ ಬಸ್ಸಿನಲ್ಲೇ ಇತ್ತು. ಟ್ರಿಪ್ ಮುಗಿದು ಬನಶಂಕರಿಯಲ್ಲಿ ಗಾಡಿ ನಿಂತಾಗ ಹತ್ತು ಹನ್ನೆರಡು ನಿಮಿಷ ಸಿಗುತ್ತದೆ. ಡ್ರೈವರ್ ಅಣ್ಣ ಟೀ ಕುಡಿಯಲು ಇಳಿಯುತ್ತಾರೆ. ಖಾಲಿ ಬಸ್ಸು. ಹಿಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತರೆ ಯಾರೂ ಮಾತಾಡಿಸುವುದಿಲ್ಲ. ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಇರುವ ಅಂಗೈಯಗಲದ ಪುಸ್ತಕ ಒಂದು ಮನೆಯಲ್ಲಿತ್ತು. ಅದನ್ನು ಕ್ಯಾಶ್ ಬ್ಯಾಗಿನ ಹೊರಗಿನ ಜೇಬಿಗೆ ಹಾಕಿಕೊಂಡೆ. ಇಡೀ ದಿನ ನೋಟು, ನಾಣ್ಯ ಮುಟ್ಟುವ ಕೈ. ಪುಟಗಳ ಅಂಚು ಒಂದೇ ತಿಂಗಳಿಗೆ ಕಪ್ಪಾಯಿತು. ಮೊದಲು ಬೇಜಾರಾಯಿತು. ಈಗ ಆ ಕಪ್ಪು ಅಂಚು ನೋಡಿದರೆ ಎಲ್ಲಿಯವರೆಗೆ ಓದಿದ್ದೇನೆ ಅಂತ ಗೊತ್ತಾಗುತ್ತದೆ.

ಓದುವ ಕ್ರಮ ಇಷ್ಟೇ. ಒಂದು ಕೀರ್ತನೆ, ಎರಡು ಸಲ, ತುಟಿ ಆಡಿಸಿಕೊಂಡು. ಯಾವ ಸಾಲು ಹಿಡಿಸಿತೋ ಅದನ್ನು ಮುಂದಿನ ಟ್ರಿಪ್ ಪೂರ್ತಿ ಬಾಯಲ್ಲಿಟ್ಟುಕೊಳ್ಳುವುದು. 117ನೆಯದಕ್ಕೆ ಎರಡೇ ವಚನ. 119ನೆಯದಕ್ಕೆ 176, ಅದಕ್ಕೆ ಎರಡು ವಾರ ತೆಗೆದುಕೊಂಡೆ. ಅರ್ಥವಾಗದ್ದನ್ನು ಬಿಟ್ಟು ಮುಂದೆ ಹೋದೆ. ವಾಟ್ಸಾಪ್‌ನಲ್ಲಿ ಇದ್ದ ನಾಲ್ಕು ಪ್ರಾರ್ಥನೆ ಗುಂಪುಗಳಲ್ಲಿ ಮೂರರಿಂದ ಹೊರಗೆ ಬಂದೆ. ಬೆಳಗಾದರೆ ಇಪ್ಪತ್ತು ವಚನ ಫಾರ್ವರ್ಡ್ ಆಗಿ ಬರುತ್ತಿದ್ದವು. ಓದಿ ಓದಿ ಹೊಟ್ಟೆ ತುಂಬಿದಂತೆ ಅನ್ನಿಸುತ್ತಿತ್ತು, ಒಂದೂ ಮೈಗೆ ಹತ್ತುತ್ತಿರಲಿಲ್ಲ. ಇದು ನನ್ನ ಅನುಭವ ಮಾತ್ರ. ಕೆಲವರಿಗೆ ಅವು ಆಸರೆ ಆಗಿರಬಹುದು.

23ನೆಯ ಕೀರ್ತನೆ ನನಗೆ ಐದನೇ ವಯಸ್ಸಿನಿಂದ ಬಾಯಿಪಾಠ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಸಾವಿನ ಮನೆಯಲ್ಲಿ, ಮದುವೆಯಲ್ಲಿ, ಎಲ್ಲೆಲ್ಲೂ ಕೇಳಿ ಕೇಳಿ ಸವೆದುಹೋಗಿತ್ತು. ಆ ದಿನ ಖಾಲಿ ಬಸ್ಸಿನಲ್ಲಿ ಓದುವಾಗ ‘ಕುರುಬ’ ಅನ್ನುವ ಪದದ ಮೇಲೆ ಕಣ್ಣು ನಿಂತಿತು. ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಕುರುಬರು ಮಂದೆ ಹೊಡೆದುಕೊಂಡು ಬರುತ್ತಿದ್ದರು. ಗೊಬ್ಬರಕ್ಕೆ ಅಂತ ಅಪ್ಪ ನಮ್ಮ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಕುರುಬಣ್ಣ ಮನೆಯಲ್ಲಿ ಮಲಗಲು ಒಪ್ಪುತ್ತಿರಲಿಲ್ಲ. ಕಂಬಳಿ ಹೊದ್ದು ಮಂದೆಯ ಪಕ್ಕದಲ್ಲೇ ಮಣ್ಣಿನ ಮೇಲೆ ಮಲಗುತ್ತಿದ್ದ. ಒಂದು ಸಲ ಅಪ್ಪನ ಜತೆ ಲಾಟೀನು ಹಿಡಿದುಕೊಂಡು ಅವನಿಗೆ ಮುದ್ದೆ ಕೊಡಲು ಹೋಗಿದ್ದೆ. ಅವತ್ತೇ ಹುಟ್ಟಿದ ಮರಿಯೊಂದನ್ನು ಕಂಬಳಿಯೊಳಗೆ ಎದೆಗೆ ಒತ್ತಿಕೊಂಡಿದ್ದ. ಮರಿಯ ಮೂತಿ ಮಾತ್ರ ಹೊರಗೆ ಕಾಣುತ್ತಿತ್ತು. ಅವನ ಮೈ ಕುರಿಯ ವಾಸನೆಯೇ. ಕುರಿಗೂ ಅವನಿಗೂ ವಾಸನೆಯಲ್ಲಿ ಭೇದವೇ ಇರಲಿಲ್ಲ.

ಇದನ್ನು ನೆನಪು ಮಾಡಿಕೊಂಡು ಬಸ್ಸಿನಲ್ಲಿ ಕೂತಿದ್ದೆ. ಬೆವರು, ಡೀಸೆಲ್, ಮಲ್ಲಿಗೆ, ಯಾರೋ ಬಿಟ್ಟು ಹೋದ ಮೀನಿನ ಚೀಲದ ವಾಸನೆ. ದೇವರು ಇಂಥ ವಾಸನೆಯ ಹತ್ತಿರವೂ ಬರುವವನು ಅಂತ ಯಾರೋ ಕಿವಿಯಲ್ಲಿ ಹೇಳಿದ ಹಾಗಾಯಿತು. ನಾನು ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಅವನ ಮನೆಗೆ ಹೋಗಬೇಕು ಅಂತ ಕಾಯುತ್ತಿದ್ದೆ. ಅವನು ಮಂದೆ ಇರುವ ಹೊಲದಲ್ಲೇ ಮಲಗಿದ್ದ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂತು. ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ಆ ಸಾಲಿನಲ್ಲಿ ‘ಕುರುಬ’ ಅನ್ನುವ ನಮ್ಮ ಹೊಲದ ಪದ ಉಳಿದಿರುವುದಕ್ಕೆ ನಾನು ದಿನಾ ಕೃತಜ್ಞಳು.

ಸ್ಟೇಜಿಗೊಂದು ಪ್ರಾರ್ಥನೆ ಶುರುವಾದದ್ದು ಅದಾದ ಮೇಲೆ. ಟಿಕೆಟ್ ಮೆಷಿನ್‌ನಲ್ಲಿ ಪ್ರತಿ ಸ್ಟೇಜ್, ಅಂದರೆ ಟಿಕೆಟ್ ದರ ಲೆಕ್ಕ ಹಾಕುವ ನಿಲ್ದಾಣ, ಬಂದಾಗ ಗುಂಡಿ ಒತ್ತಿ ಮುಂದಕ್ಕೆ ಹಾಕಬೇಕು, ಇಲ್ಲದಿದ್ದರೆ ಟಿಕೆಟ್ ದರ ತಪ್ಪುತ್ತದೆ. ಆ ಗುಂಡಿ ಒತ್ತುವಾಗ ಒಂದು ಸಾಲಿನ ಪ್ರಾರ್ಥನೆ ಮಾಡೋಣ ಅಂದುಕೊಂಡೆ. ಕಣ್ಣು ಮುಚ್ಚುವ ಹಾಗಿಲ್ಲ, ಕೈ ಜೋಡಿಸುವ ಹಾಗಿಲ್ಲ. ಜಯನಗರದಲ್ಲಿ ಹತ್ತುವ ಮನೆಗೆಲಸದ ಹೆಂಗಸರಿಗೆ ‘ಕರ್ತನೇ, ಇವರ ಸೊಂಟಕ್ಕೆ ಬಲ ಕೊಡು’. ಲಾಲ್‌ಬಾಗ್ ಹತ್ತಿರ ಹತ್ತುವ ಕಾಲೇಜು ಮಕ್ಕಳಿಗೆ ಒಂದು ಸಾಲು. ಎಕ್ಸ್‌ರೇ ಕವರ್ ಹಿಡಿದುಕೊಂಡು ವಿಕ್ಟೋರಿಯಾ ಆಸ್ಪತ್ರೆಗೆ ಅಂತ ಇಳಿಯುವವರಿಗೆ ಒಂದು ಸಾಲು. ಕಾರ್ಪೊರೇಷನ್ ಬಂದರೆ ಕರ್ತನ ಪ್ರಾರ್ಥನೆ ಶುರು ಮಾಡುತ್ತೇನೆ, ಮೆಜೆಸ್ಟಿಕ್ ಒಳಗೆ ಹೋಗುವಷ್ಟರಲ್ಲಿ ಮುಗಿಯುತ್ತದೆ.

ಮೊದಲ ಒಂದು ತಿಂಗಳು ಬರೀ ಬಾಯಿಮಾತು. ಮೆಷಿನ್ ‘ಟಿಕ್’ ಅಂದರೆ ಬಾಯಿಯೂ ಅಂದುಬಿಡುತ್ತಿತ್ತು. ಎಷ್ಟೋ ದಿನ ಮರೆತೇಹೋಗುತ್ತಿತ್ತು. ಚಿಲ್ಲರೆ ಜಗಳ ಶುರುವಾದರೆ ಮೂರು ಸ್ಟೇಜ್ ಹೋದದ್ದೇ ತಿಳಿಯುತ್ತಿರಲಿಲ್ಲ. ಆದರೂ ಬಿಡಲಿಲ್ಲ. ನಿಧಾನಕ್ಕೆ ಒಂದು ಬದಲಾವಣೆ ಆಯಿತು. ಪ್ರಾರ್ಥನೆ ಮಾಡಬೇಕಾದರೆ ಮುಖ ನೋಡಬೇಕಲ್ವಾ? ಅಲ್ಲಿಯವರೆಗೆ ನಾನು ನೋಡುತ್ತಿದ್ದದ್ದು ಕೈಗಳನ್ನು. ನೋಟು ಹಿಡಿದ ಕೈ, ಪಾಸ್ ತೋರಿಸುವ ಕೈ, ಕಾರ್ಡ್ ಚಾಚುವ ಕೈ. ಈಗ ಮುಖ ನೋಡತೊಡಗಿದೆ. ಮುಖ ನೋಡಿದ ಮೇಲೆ ಕೂಗುವುದು ಕಷ್ಟ. ಟಿಕೆಟ್ ಹಿಂದೆ ಬಾಕಿ ಚಿಲ್ಲರೆ ಬರೆದುಕೊಟ್ಟ ಮೇಲೆ ಅವರೇ ನೆನಪಿಸಲಿ ಅಂತ ಸುಮ್ನೆ ಇರುತ್ತಿದ್ದೆ ಮೊದಲು. ಮರೆತು ಇಳಿದರೆ ಅದು ಅವರ ತಪ್ಪು ಅಂದುಕೊಳ್ಳುತ್ತಿದ್ದೆ. ಈಗ ಇಳಿಯುವ ಮುಂಚೆ ನಾನೇ ಹುಡುಕಿ ಕೊಡುತ್ತೇನೆ. ಯಾರು ಯಾವ ಸೀಟಿನಲ್ಲಿದ್ದಾರೆ ಅಂತ ಈಗ ನೆನಪಿರುತ್ತದೆ.

ನಮ್ಮ ಡ್ರೈವರ್ ಅಣ್ಣನ ವಿಷಯ ಹೇಳಲೇಬೇಕು. ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಅವರು ಮುಂದಿನ ಗಾಜಿನ ಹತ್ತಿರ ಇರುವ ದೇವರ ಪಟಕ್ಕೆ ಹೂವು ಮುಡಿಸಿ ಊದುಬತ್ತಿ ಹಚ್ಚುತ್ತಾರೆ. ಆ ಹೊತ್ತಿಗೆ ನಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒಂದು ನಿಮಿಷ ನಿಲ್ಲುತ್ತೇನೆ. ಅವರದು ಮೊದಲು ಮುಗಿದರೂ ಗಾಡಿ ಸ್ಟಾರ್ಟ್ ಮಾಡುವುದಿಲ್ಲ. ಕನ್ನಡಿಯಲ್ಲಿ ನೋಡುತ್ತಿರುತ್ತಾರೆ. ನಾನು ಕಣ್ಣು ಬಿಟ್ಟ ಮೇಲೆ ‘ಆಯ್ತಾ ಮೇಡಂ?’ ಅಂತ ಕೇಳಿ ಕೀ ತಿರುಗಿಸುತ್ತಾರೆ.

ಆ ವರ್ಷ ಈಸ್ಟರ್ ಮಾರ್ಚ್ 31ಕ್ಕೆ. ಭಾನುವಾರವೇ ಬರುವ ಹಬ್ಬ, ನನಗೆ ಡ್ಯೂಟಿ ಇರುವ ದಿನ. ನಮ್ಮ ಡಿಪೋದಲ್ಲಿ ಒಬ್ಬ ಮುಸ್ಲಿಂ ಕಂಡಕ್ಟರ್ ಇದ್ದಾರೆ, ನನಗಿಂತ ಚಿಕ್ಕವರು. ‘ಅಕ್ಕ, ನಿಮ್ಮ ಹಬ್ಬದ ದಿನ ನಾನು ಮಾಡ್ತೀನಿ, ನಮ್ಮ ಹಬ್ಬದ ದಿನ ನೀವು ಮಾಡಿ’ ಅಂದರು. ಆಗ ಅವರಿಗೆ ರಂಜಾನ್ ಉಪವಾಸದ ತಿಂಗಳು. ಒಂದು ತೊಟ್ಟು ನೀರು ಕುಡಿಯದೆ ಮಾರ್ಚ್ ಬಿಸಿಲಿನಲ್ಲಿ ನನ್ನ ಪಾಳಿ ಮಾಡಿದರು. ನಾನು ಆ ಮುಂಜಾನೆ ಆರಾಧನೆಯಲ್ಲಿದ್ದೆ. ಬಹಳ ವರ್ಷದ ಮೇಲೆ ಈಸ್ಟರ್ ದಿನವೇ ಕರ್ತನ ಭೋಜನದ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಕೈಯಲ್ಲಿ ತೆಗೆದುಕೊಂಡೆ. ಆ ರೊಟ್ಟಿ ಬಾಯಲ್ಲಿ ಇಟ್ಟುಕೊಂಡಾಗ, ಹೊಟ್ಟೆಗೆ ಏನೂ ಇಲ್ಲದೆ ನನ್ನ ಬ್ಯಾಗ್ ಹೊತ್ತು ನಿಂತಿರುವ ಆ ತಮ್ಮ ನೆನಪಾದರು. ಏಪ್ರಿಲ್ 11ರಂದು ಅವರ ಪಾಳಿ ನಾನು ಮಾಡಿದೆ. ಮಾರನೇ ದಿನ ಡಬ್ಬಿ ತುಂಬ ಶ್ಯಾವಿಗೆ ಪಾಯಸ ತಂದುಕೊಟ್ಟರು.

ಕೀರ್ತನೆಗಳನ್ನು ಒಂದು ದಿನವೂ ತಪ್ಪಿಸದೆ ಓದಿದ್ದರೆ ಜುಲೈ ಮಧ್ಯಕ್ಕೆ ಮುಗಿಯಬೇಕಿತ್ತು. ತಪ್ಪಿಸಿದ ದಿನಗಳು ಬೇಕಾದಷ್ಟು. ಜುಲೈನಲ್ಲಿ ನಾನು ಇನ್ನೂ 88ಕ್ಕೆ ಬಂದಿದ್ದೆ.

ಆ ಕೀರ್ತನೆ ಓದದಿದ್ದವರು ಒಂದು ಸಲ ಓದಿ. ಬೇರೆ ಕೀರ್ತನೆಗಳಲ್ಲಿ ಎಷ್ಟೇ ಅಳು ಇದ್ದರೂ ಕೊನೆಗೆ ‘ಆದರೂ ನಿನ್ನನ್ನು ನಂಬುತ್ತೇನೆ’ ಅನ್ನುವ ತಿರುವು ಸಾಮಾನ್ಯವಾಗಿ ಬರುತ್ತದೆ. ಇದರಲ್ಲಿ ಬರುವುದಿಲ್ಲ. ಹಗಲೂ ರಾತ್ರಿಯೂ ಕೂಗಿದೆ, ಯಾಕೆ ಮುಖ ಮರೆ ಮಾಡಿಕೊಂಡೆ ಅಂತ ಕೇಳುತ್ತಾ ಕೇಳುತ್ತಾ ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಪುಟ ಹರಿದಿದೆಯಾ ಅಂತ ತಿರುಗಿಸಿ ನೋಡಿದೆ. ಹರಿದಿರಲಿಲ್ಲ. ಇಂಥ ಪ್ರಾರ್ಥನೆಯನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನಲ್ಲ! ನಾನು ಇಷ್ಟು ವರ್ಷ ಪ್ರಾರ್ಥನೆಯಲ್ಲಿ ಸಿಹಿ ಮಾತು ಮಾತ್ರ ಆಡಿದ್ದೆ. ಸಿಟ್ಟು ಬಂದರೆ ಅದು ಇಳಿಯುವವರೆಗೆ ಕಾದು, ಆಮೇಲೆ ‘ಸ್ತೋತ್ರ ಕರ್ತನೇ’ ಅಂತ ಶುರು ಮಾಡುತ್ತಿದ್ದೆ. ಆ ದಿನ ಬನಶಂಕರಿಯಲ್ಲಿ ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು, ಮೊದಲ ಸಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ಸಾಯುವಾಗ ನಾನು ಮೆಜೆಸ್ಟಿಕ್‌ನಲ್ಲಿ ಟಿಕೆಟ್ ಹರಿಯುತ್ತಿದ್ದೆ, ಯಾಕೆ ಇನ್ನೊಂದು ಗಂಟೆ ಉಳಿಸಿಕೊಡಲಿಲ್ಲ ಅಂತ ಕೇಳಿದೆ. ಉತ್ತರ ಏನೂ ಬರಲಿಲ್ಲ. ಆದರೆ ಆ ಸೀಟಿನಲ್ಲಿ ನಾನು ಒಬ್ಬಳೇ ಇದ್ದೆ ಅಂತ ನನಗೆ ಅನ್ನಿಸಲಿಲ್ಲ.

ಆ ಕೀರ್ತನೆಯ ಕೊನೆಯಲ್ಲಿ ಇನ್ನೊಂದು ಮಾತಿದೆ. ನನ್ನ ಪ್ರಿಯರನ್ನೂ ಗೆಳೆಯರನ್ನೂ ನನ್ನಿಂದ ದೂರ ಮಾಡಿದೆ ಅಂತ ದೇವರಿಗೆ ಹೇಳುವ ಮಾತು. ಅದನ್ನು ಓದಿದಾಗ ಅಕ್ಕ ನೆನಪಾದಳು. ಅಕ್ಕನನ್ನು ದೇವರು ದೂರ ಮಾಡಿರಲಿಲ್ಲ. ನಾನೇ ಮಾಡಿದ್ದೆ. ಅಮ್ಮ ಹೋದ ಮೇಲೆ ಊರಿನ ಮನೆ ಪಾಲಿನ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ಮೂರು ವರ್ಷ ಮುಖ ನೋಡಿರಲಿಲ್ಲ. ಅವಳದೂ ತಪ್ಪಿತ್ತು, ಅದನ್ನು ಈಗಲೂ ಹೇಳುತ್ತೇನೆ. ಆದರೆ ಅಮ್ಮನ ತಿಥಿಯ ದಿನದ ಪ್ರಾರ್ಥನೆಗೆ ಅವಳು ಫೋನ್ ಮಾಡಿ ಕರೆದಾಗ ಕಟ್ ಮಾಡಿದವಳು ನಾನು. ಕಾಣಿಕೆ ಕೊಡಲು ಬಂದವನಿಗೆ ಸಹೋದರನ ಜತೆ ಮನಸ್ತಾಪ ಇದ್ದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿ ಮಾಡಿಕೊಳ್ಳಬೇಕು ಅಂತ ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿದೆ. ಗೊತ್ತಿದ್ದೂ ಅದನ್ನು ಹಾರಿಸಿಕೊಂಡು ಓದುತ್ತಿದ್ದೆ.

ಎರಡು ಬುಧವಾರ ಮುಂದೂಡಿದೆ. ಮೂರನೇ ಬುಧವಾರ ತುಮಕೂರಿನ ಬಸ್ಸು ಹತ್ತಿದೆ.

ಅಕ್ಕ ಜಗಲಿಯ ಮೇಲೆ ಮೊರ ಹಿಡಿದು ರಾಗಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿದಳು, ಕೂತುಕೋ ಅನ್ನಲಿಲ್ಲ. ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು. ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತು ನಾನೂ ಮೊರಕ್ಕೆ ಕೈ ಹಾಕಿ ಕಲ್ಲು ಆರಿಸತೊಡಗಿದೆ. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಅವಳು ಕೇರುತ್ತಿದ್ದಳು, ನಾನು ಆರಿಸುತ್ತಿದ್ದೆ. ಅವಳ ಕೈ ಅಮ್ಮನ ಕೈಯಂತೆಯೇ ಆಗಿತ್ತು, ಅದೇ ಉಬ್ಬಿದ ನರ, ಅದೇ ಬಾಗಿದ ಕಿರುಬೆರಳು. ನನ್ನ ಕಣ್ಣೀರು ರಾಗಿಗೆ ಬಿತ್ತು. ‘ಫೋನ್ ಕಟ್ ಮಾಡಿದ್ದು ತಪ್ಪಾಯ್ತು ಅಕ್ಕ’ ಅಂದೆ. ಅವಳು ಬಹಳ ಹೊತ್ತು ಬಿಟ್ಟು, ‘ಊಟ ಮಾಡ್ಕೊಂಡು ಹೋಗು’ ಅಂದಳು.

ಮನೆ ಪಾಲಿನ ವಿಷಯ ಇವತ್ತಿಗೂ ಬಗೆಹರಿದಿಲ್ಲ. ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಅವತ್ತು ವಾಪಸ್ ಬರುವಾಗ ಕರ್ತನ ಪ್ರಾರ್ಥನೆಯಲ್ಲಿ ‘ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸಿದಂತೆ’ ಅನ್ನುವ ಸಾಲನ್ನು ತಡವರಿಸದೆ ಹೇಳಿದೆ.

ಮನೆಯಲ್ಲಿ ಕುಟುಂಬ ಪ್ರಾರ್ಥನೆ ಈಗ ಐದೇ ನಿಮಿಷ. ಮೊದಲು ನಾನು ಉದ್ದ ಪ್ರಾರ್ಥನೆ ಮಾಡುತ್ತಿದ್ದೆ, ಗಂಡ ತೂಕಡಿಸುತ್ತಿದ್ದರು. ಈಗ ಒಬ್ಬೊಬ್ಬರು ಒಂದೊಂದು ಮಾತು. ಮಗಳು ಪಿಯುಸಿ ಓದುತ್ತಾಳೆ. ಒಂದು ರಾತ್ರಿ ‘ಅಮ್ಮಾ, ಕೇಳಿದ್ದಕ್ಕೆ ಉತ್ತರ ಬರಲೇ ಇಲ್ಲ ಅಂದ್ರೆ ಏನ್ಮಾಡ್ತೀಯಾ?’ ಅಂತ ಕೇಳಿದಳು. ಹಿಂದಿನ ನಾನಾಗಿದ್ದರೆ ಹಾಗೆಲ್ಲ ಮಾತಾಡಬಾರದು ಅಂತ ಗದರುತ್ತಿದ್ದೆ. 88ನೆಯ ಕೀರ್ತನೆ ತೆಗೆದುಕೊಟ್ಟು ಓದು ಅಂದೆ. ಓದಿದಳು. ‘ಇಷ್ಟೇನಾ?’ ಅಂದಳು. ‘ಇಷ್ಟೇ. ಆದ್ರೂ ಅವನು ಮಾತಾಡ್ತಾ ಇರೋದು ದೇವರ ಹತ್ತಿರಾನೇ, ನೋಡು’ ಅಂದೆ. ಅವಳು ಇನ್ನೊಂದು ಸಲ ಓದಿದಳು. ಗಂಡ ಎದ್ದು ಕೂತು ಕೇಳಿಸಿಕೊಂಡರು.

150ನೆಯ ಕೀರ್ತನೆ ಮುಗಿಸಿದ್ದು ಅಕ್ಟೋಬರ್‌ನಲ್ಲಿ. ಮಾರನೇ ದಿನ ಮತ್ತೆ ಒಂದನೆಯದರಿಂದ ಶುರು ಮಾಡಿದೆ. ಕೂಗುವುದು ಪೂರ್ತಿ ನಿಂತಿಲ್ಲ. ಹೋದ ವಾರವೂ ಒಬ್ಬ ಹುಡುಗನ ಮೇಲೆ ರೇಗಿದೆ, ಮುಂದಿನ ಸ್ಟೇಜ್ ಬರುವುದರೊಳಗೆ ಅವನ ಹತ್ತಿರ ಹೋಗಿ ‘ಬೇಜಾರ್ ಮಾಡ್ಕೋಬೇಡಪ್ಪ’ ಅಂದೆ. ಆ ಅಜ್ಜಿ ಮತ್ತೆ ಸಿಗಲಿಲ್ಲ. ಸೌತ್ ಎಂಡ್ ಸರ್ಕಲ್‌ನಲ್ಲಿ ಬಟ್ಟೆ ಚೀಲ ಹಿಡಿದ ಯಾವ ಅಜ್ಜಿ ಹತ್ತಿದರೂ ನಾನು ಒಂದು ಸಲ ಮುಖ ನೋಡುತ್ತೇನೆ. ‘ನಿಧಾನ ಹುಡುಕಿ ಅಜ್ಜಿ, ಅವಸರ ಇಲ್ಲ’ ಅನ್ನುತ್ತೇನೆ.

ಅಕ್ಕ ಈಗ ಭಾನುವಾರ ರಾತ್ರಿ ಫೋನ್ ಮಾಡುತ್ತಾಳೆ. ಮೊದಲು ಮಳೆ, ಬೆಳೆ, ಮಂಡಿನೋವು. ಹೋದ ಭಾನುವಾರ ಕ್ಯಾಶ್ ಕಟ್ಟಿ ಡಿಪೋ ಗೇಟಿನಿಂದ ಹೊರಗೆ ಬರುತ್ತಿದ್ದೆ, ಆಗ ಬಂತು. ‘ಎಷ್ಟನೇ ಕೀರ್ತನೆಗೆ ಬಂದೆ?’ ಅಂತ ಕೇಳಿದಳು. ‘ಎಪ್ಪತ್ತೊಂದು’ ಅಂದೆ. ‘ತಾಳು’ ಅಂದಳು. ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು, ಆಮೇಲೆ ದಪ್ಪ ಹಾಳೆ ಮಗುಚುವ ಸದ್ದು. ಅಮ್ಮನ ಸತ್ಯವೇದ ಅವಳ ಹತ್ತಿರ ಇದೆ. ಮುಪ್ಪಿನ ಕಾಲದಲ್ಲಿ ನನ್ನನ್ನು ತಳ್ಳಿಬಿಡಬೇಡ ಅಂತ ಬೇಡಿಕೊಳ್ಳುವ ಕೀರ್ತನೆ ಅದು. ಅಕ್ಕನಿಗೆ 58. ಅಪ್ಪ ಓದುತ್ತಿದ್ದ ಹಾಗೆ ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದತೊಡಗಿದಳು. ನಾನು ಬ್ಯಾಗನ್ನು ಹೆಗಲಿನಿಂದ ಇಳಿಸದೆ ಬೀದಿದೀಪದ ಕೆಳಗೆ ನಿಂತು ಪೂರ್ತಿ ಕೇಳಿಸಿಕೊಂಡೆ. ಮುಗಿದಾಗ ಅವಳು ‘ಆಮೆನ್ ಅನ್ನು’ ಅಂದಳು, ಚಿಕ್ಕಂದಿನಲ್ಲಿ ನಾನು ನಿದ್ದೆ ಹೋದಾಗ ಮೊಣಕೈಯಿಂದ ತಿವಿದು ಹೇಳುತ್ತಿದ್ದ ಹಾಗೆಯೇ.

‘ಆಮೆನ್’ ಅಂದೆ.